ನಗರವಾಸಿಗಳ ವನಭೋಜನ
(ಮಹೋತ್ಸವದ ಸಭೆಯಲ್ಲಿ ಮಾಡಿದ ಉಪನ್ಯಾಸ)

ನನಗೆ ಅಪ್ಪಣೆಯಾದ ವಿಷಯವನ್ನು ಕುರಿತು ನಾಲ್ಕು ಮಾತುಗಳನ್ನು ಅರಿಕೆಮಾಡಿಕೊಳ್ಳುತ್ತೇನೆ. ನಗರದಲ್ಲಿ ಸಂಸಾರ ಹೂಡಿರುವವರು ಇಷ್ಟಮಿತ್ರರೊಡನೆಯೂ ಬಂಧುಬಾಂಧವರೊಡನೆಯೂ ಮನೆಯಿಂದ ಹೊರಟು ಸಂತೋಷಪಡುವ ಬಗೆ ಯಾವುದು, ಅದರಲ್ಲಿ ನೆನಪಿನಲ್ಲಿ ನಿಲ್ಲುವುದು ಯಾವುದು ಎಂಬುದೇ ಆ ವಿಷಯ. ಶಾಸ್ತ್ರವಿಚಾರಗಳನ್ನು ಕೇಳಿದ ಕಿವಿಗಳಿಗೆ ಇದು ಲಘುವೆಂದು ತೋರಬಹುದು. ಆದರೆ ಈ ಚಪ್ಪರದ ಹಿಂಭಾಗದಲ್ಲಿ ಬುತ್ತಿಯ ಗಂಟು ಬಿಚ್ಚಿ, ತಮ್ಮ ಮಕ್ಕಳಿಗೆ ಕೊಡುವ ಮೊದಲೇ ಪಕ್ಕದವರ ಮಕ್ಕಳ ಕೈಗೆ ಹೋಳಿಗೆಯನ್ನಿಡುತ್ತಿದ್ದ ತಾಯಂದಿರನ್ನು ಈಗತಾನೆ ನೋಡಿ ಬಂದಿದ್ದೇನೆ. ಅವರ ಮುಂದೆ ನಿಂತು ಇದನ್ನು ಲಘುವೆನ್ನುವ ಧೈರ್ಯ ನನಗಿಲ್ಲ.

ಕಾರ್ತಿಕಮಾಸದಲ್ಲಿ ನೆಲ್ಲಿಯ ಮರದ ನೆರಳಿನಲ್ಲಿ ಅಡಿಗೆಮಾಡಿ ಉಣ್ಣುವ ವನಭೋಜನವೆಂಬ ಸಂಪ್ರದಾಯವು ನಮ್ಮ ನಾಡಿನಲ್ಲಿ ಬಹುಕಾಲದಿಂದ ನಡೆದು ಬಂದಿರುವುದು ತಮಗೆಲ್ಲ ತಿಳಿದದ್ದೇ. ಹಳ್ಳಿಯವರಿಗೆ ವನವನ್ನು ಹುಡುಕಿಕೊಂಡು ಹೋಗುವ ಕಷ್ಟವಿಲ್ಲ. ಅವರ ಮನೆಗೆ ಜಗುಲಿಯುಂಟು, ಪಡಸಾಲೆಯುಂಟು, ಹಿತ್ತಲುಂಟು. ಸುಗ್ಗಿ ಮುಗಿದ ಮೇಲೆ ಕಣವೂ ಉಂಟು. ನಗರದಲ್ಲಿ ಎರಡು ಕೋಣೆಯ ಬಾಡಿಗೆ ಮನೆಯಲ್ಲಿರುವವನು ಹತ್ತು ಜನ ನೆಂಟರನ್ನು ಕರೆದರೆ, ಐವರನ್ನು ಕೂರಿಸಿ ಐವರನ್ನು ಮೆಟ್ಟಿಲ ಮೇಲೆ ನಿಲ್ಲಿಸಬೇಕಾಗುವುದು. ಆದಕಾರಣ ನಗರದ ಉದ್ಯಾನ, ಪರಿಷೆಯ ಬೀದಿ, ಕೆರೆಯ ಏರಿ, ಮನೆಯ ಮೇಲಣ ತಾರಸಿ, ಇವೇ ನಗರವಾಸಿಗೆ ಜಗುಲಿ ಮತ್ತು ಹಿತ್ತಲು. ನಾನು ಹೇಳಬೇಕೆಂದಿರುವುದೆಲ್ಲವೂ ಈ ಒಂದು ಮಾತಿನ ಸುತ್ತಲೇ ಇದೆ.

ಮೊದಲು ಕಲ್ಯಾಣದ ಸೀಮೆಯನ್ನು ನೋಡೋಣ. ಬೀದರ್, ಕಲಬುರಗಿಗಳಲ್ಲಿ ಎಳ್ಳಮಾವಾಸ್ಯೆಯ ದಿನ ಪೇಟೆಯ ಬೀದಿಗಳು ಬಣಗುಟ್ಟುತ್ತವೆ. ಹಿಂದೆ ಎತ್ತಿನ ಗಾಡಿಗಳಲ್ಲಿ, ಈಗ ಮೋಟಾರುಗಳಲ್ಲಿ, ಜನರೆಲ್ಲ ಹೊಲಗಳಿಗೆ ಹೊರಟುಬಿಡುವರು. ಸಜ್ಜೆಯ ರೊಟ್ಟಿ, ಹಲವು ಬಗೆಯ ಕಾಳು ಸೊಪ್ಪುಗಳನ್ನು ಕೂಡಿಸಿ ಬೇಯಿಸಿದ ಭಜ್ಜಿ, ಅಂಬಲಿ, ಶೇಂಗಾದ ಹೋಳಿಗೆ, ಕಡುಬು, ಇವು ಬುಟ್ಟಿಗಳಲ್ಲಿ ಸಾಗುವುವು. ಹೊಲದಲ್ಲಿ ಪೂಜೆಮಾಡಿ, ನಿಂತ ಪೈರಿಗೆ ಚರಗ ಚೆಲ್ಲಿ, ಆಮೇಲೆ ಎಲ್ಲರೂ ಸಾಲಾಗಿ ಕುಳಿತು ಉಣ್ಣುವರು. ಇದರಲ್ಲಿ ನನಗೆ ಬಹಳ ಹಿಡಿಸಿದ ಸಂಗತಿಯೊಂದುಂಟು. ಪೇಟೆಯಲ್ಲಿರುವ ಗುಮಾಸ್ತನಿಗೋ ಉಪಾಧ್ಯಾಯನಿಗೋ ಅಂಗಡಿಕಾರನಿಗೋ ಸ್ವಂತ ಹೊಲವಿರುವುದಿಲ್ಲ. ಆದರೂ ಅವನು ಆ ದಿನ ಮನೆಯಲ್ಲಿ ಉಳಿಯುವುದಿಲ್ಲ. ಹೊಲವಿರುವ ಸ್ನೇಹಿತನು ಮುಂಚಿತವಾಗಿಯೇ ಬಂದು ಕರೆದು ಹೋಗಿರುತ್ತಾನೆ. ಕರೆಯುವಾಗ ಜಾತಿಮತಗಳ ಲೆಕ್ಕ ಹಾಕುವುದಿಲ್ಲ. ನಮ್ಮ ಹೊಲಕ್ಕೆ ಬರಲಿಲ್ಲವೆಂದು ಮರುದಿನ ಮುನಿಸಿಕೊಳ್ಳುವವರೂ ಉಂಟು.

ಬೆಂಗಳೂರಿನಂಥ ಮಹಾನಗರದಲ್ಲಿ ಹೊಲವಿರುವ ಸ್ನೇಹಿತನನ್ನು ಎಲ್ಲಿ ಹುಡುಕುವುದು? ಆದರೆ ಎಲ್ಲರಿಗೂ ಸೇರಿದ 240 ಎಕರೆಯ ತೋಟವೊಂದು ಊರ ನಡುವೆಯೇ ಇದೆ. 1760ರ ಸುಮಾರಿಗೆ ಹೈದರಾಲಿಯು ಆರಂಭಿಸಿ, ಟಿಪ್ಪುಸುಲ್ತಾನನು ದೂರದೇಶಗಳಿಂದ ಗಿಡಗಳನ್ನು ತರಿಸಿ ಬೆಳೆಸಿದ ಲಾಲ್‌ಬಾಗು 1856ರಲ್ಲಿ ಸರ್ಕಾರದ ಸಸ್ಯೋದ್ಯಾನವಾಯಿತು. ದೊರೆಯ ವಿಹಾರಕ್ಕೆಂದು ಹುಟ್ಟಿದ ತೋಟದಲ್ಲಿ ಇಂದು ಕೂಲಿಕಾರನ ಮಗುವು ಹುಲ್ಲಿನ ಮೇಲೆ ಉರುಳಾಡುತ್ತಿರುವುದೆಂದರೆ ಇತಿಹಾಸದಲ್ಲಿ ಇದು ಸಣ್ಣ ಮಾತಲ್ಲ. ಅಲ್ಲಿಯ ಗಾಜಿನ ಮನೆಗೆ 1889ರ ನವೆಂಬರ್ 30ರಂದು ಅಸ್ತಿಭಾರ ಹಾಕಿದರು; ಕ್ಯಾಮರನ್ ಎಂಬವರು ಆಗ ತೋಟದ ಮೇಲ್ವಿಚಾರಕರು; ಕಬ್ಬಿಣದ ಕಂಬ ಕಮಾನುಗಳೆಲ್ಲ ಗ್ಲಾಸ್ಗೋ ಪಟ್ಟಣದಲ್ಲಿ ಎರಕಹೊಯ್ದು ಹಡಗಿನಲ್ಲಿ ಬಂದವು. 1908ರಲ್ಲಿ ಬಂದ ಕ್ರುಂಬಿಗಲ್ ಎಂಬ ಜರ್ಮನಿಯ ತೋಟಗಾರಿಕೆಯ ಪಂಡಿತರೂ, ಅವರ ತರುವಾಯ ಜವರಾಯರೂ ಮರಿಗೌಡರೂ ಈ ತೋಟಕ್ಕೆ ತಮ್ಮ ಆಯುಸ್ಸನ್ನೇ ಸವೆಸಿದರು. ತೋಟದೊಳಗಿನ ಬಂಡೆಯ ವಯಸ್ಸು ಸುಮಾರು 300 ಕೋಟಿ ವರ್ಷವೆಂದು ಭೂವಿಜ್ಞಾನಿಗಳು ಹೇಳುತ್ತಾರೆ. ಅದರ ನೆತ್ತಿಯ ಮೇಲೆ ಕೆಂಪೇಗೌಡರ ಹೆಸರಿನ ಗೋಪುರವಿದೆ. ಸಂಜೆ ಆ ಬಂಡೆಯ ಮೇಲೆ ಕುಳಿತ ಜನರನ್ನು ನೋಡಬೇಕು: ಮದುವೆಯಾಗಿ ತಿಂಗಳಾದ ದಂಪತಿಗಳು, ಪರೀಕ್ಷೆ ಮುಗಿಸಿದ ವಿದ್ಯಾರ್ಥಿಗಳ ಗುಂಪು, ಕಾಲು ಚಾಚಿ ಕುಳಿತ ಅಜ್ಜಿ, ಅವಳ ಮೊಣಕಾಲನ್ನೇ ಜಾರುಗುಪ್ಪೆಯನ್ನಾಗಿ ಮಾಡಿಕೊಂಡ ಮೊಮ್ಮಗ.

ಗಣರಾಜ್ಯೋತ್ಸವಕ್ಕೂ ಸ್ವಾತಂತ್ರ್ಯೋತ್ಸವಕ್ಕೂ, ಹೀಗೆ ವರ್ಷಕ್ಕೆ ಎರಡಾವೃತ್ತಿ, ಗಾಜಿನ ಮನೆಯಲ್ಲಿ ಫಲಪುಷ್ಪ ಪ್ರದರ್ಶನ ನಡೆಯುತ್ತದೆ. 2024ರ ಜನವರಿಯಲ್ಲಿ ನಡೆದುದು ಬಸವಣ್ಣನವರನ್ನೂ ವಚನಸಾಹಿತ್ಯವನ್ನೂ ಕುರಿತದ್ದಾಗಿತ್ತು. ಅನುಭವಮಂಟಪವನ್ನು ಹೂಗಳಲ್ಲಿ ಕಟ್ಟಿದ್ದರು. ತಮ್ಮಲ್ಲಿ ಹಲವರು ಅದನ್ನು ನೋಡಿರಬಹುದು. ಹೂವಿನ ಮಂಟಪ ಹತ್ತು ದಿನಕ್ಕೆ ಬಾಡಿತು, ಆದರೆ ಮೊಮ್ಮಗಳು ಕೈಹಿಡಿದು "ಇವರೆಲ್ಲ ಯಾರು, ತಾತ?" ಎಂದು ಕೇಳಿ, ತಾತನು ಜನಸಂದಣಿಯ ನಡುವೆ ಅಲ್ಲಮಪ್ರಭುದೇವರ, ಅಕ್ಕಮಹಾದೇವಿಯವರ ಕಥೆಯನ್ನು ಹೇಳುತ್ತ ನಿಂತ ಮೇಲೆ, ಹಿಂದಿನವರು ತಳ್ಳಿದರೂ ಇಬ್ಬರೂ ಕದಲಲಿಲ್ಲ. ಪಾಠಶಾಲೆಯಲ್ಲಿ ಇಷ್ಟು ಆಸೆಯಿಂದ ಕೇಳುವ ಶಿಷ್ಯರು ಸಿಕ್ಕುವುದು ದುರ್ಲಭ. ಪ್ರದರ್ಶನ ಮುಗಿಸಿದವರಿಗೆ ಹಸಿವಾದರೆ ಹತ್ತಿರದಲ್ಲಿಯೇ ಮಾವಳ್ಳಿಯ ಟಿಫಿನ್ ರೂಮುಂಟು. 1924ರಿಂದ ಅದು ನಡೆದು ಬಂದಿದೆ. ಅಲ್ಲಿ ಸರದಿಗಾಗಿ ಕಾಯುವುದೂ ವಿಹಾರದ ಒಂದು ಅಂಗವೆಂದೇ ಬೆಂಗಳೂರಿನವರು ಭಾವಿಸಿದ್ದಾರೆ.

ಕಬ್ಬನ್ ಪಾರ್ಕನ್ನು ಕುರಿತು ಹೆಚ್ಚು ಹೇಳಲಾರೆ. 1870ರಲ್ಲಿ ಸ್ಯಾಂಕಿ ಎಂಬ ಇಂಜಿನಿಯರರು ಅದನ್ನು ರೂಪಿಸಿದರು. 1927ರಲ್ಲಿ, ಶ್ರೀಮನ್ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರವರ ಆಳಿಕೆಯ ರಜತಮಹೋತ್ಸವದ ಕಾಲದಲ್ಲಿ, ಅದಕ್ಕೆ ಶ್ರೀ ಚಾಮರಾಜೇಂದ್ರ ಉದ್ಯಾನವೆಂಬ ಹೆಸರಾಯಿತು. ಹೆಸರು ಕಾಗದದಲ್ಲಿ ಉಳಿಯಿತು, ಜನರ ಬಾಯಲ್ಲಿ ಹಳೆಯದೇ ನಿಂತಿತು. ಅಲ್ಲಿಯ ಬಾಲಭವನದ ಪುಟಾಣಿ ರೈಲಿನಲ್ಲಿ ಕುಳಿತು ಕಿರುಚಿದ ಮಕ್ಕಳು ಈಗ ತಾವೇ ಅಜ್ಜಂದಿರಾಗಿದ್ದಾರೆ.

ಇನ್ನು ಬಸವನಗುಡಿಯ ಕಡಲೆಕಾಯಿ ಪರಿಷೆ. ಕಾರ್ತಿಕಮಾಸದ ಕಡೆಯ ಸೋಮವಾರ ದೊಡ್ಡಬಸವಣ್ಣನ ಗುಡಿಯ ಬಳಿ ಇದು ಸೇರುವುದು. ಸುಂಕೇನಹಳ್ಳಿ ಮುಂತಾದ ಗ್ರಾಮಗಳ ರೈತರು ಬೆಳೆದ ಕಡಲೆಕಾಯಿಯನ್ನು ಬಸವನೊಂದು ರಾತ್ರಿ ಬಂದು ಮೇಯುತ್ತಿತ್ತೆಂದೂ, ಕಾದು ಕುಳಿತವರು ಬೆನ್ನಟ್ಟಲಾಗಿ ಅದು ಕಲ್ಲಾಯಿತೆಂದೂ, ಅಂದಿನಿಂದ ರೈತರು ಮೊದಲ ಬೆಳೆಯನ್ನು ಅದಕ್ಕೆ ಒಪ್ಪಿಸತೊಡಗಿದರೆಂದೂ ಐತಿಹ್ಯವಿದೆ. ಗುಡಿಯನ್ನು 16ನೆಯ ಶತಮಾನದಲ್ಲಿ ಕೆಂಪೇಗೌಡರು ಕಟ್ಟಿಸಿದರೆಂದು ಹೇಳುತ್ತಾರೆ. 1898ರ ಪ್ಲೇಗಿನ ತರುವಾಯ ಹಳೆಯ ಪೇಟೆಯ ಜನ ಬಂದು ನೆಲೆಸಿ ಆ ಹೊಲಗಳೆಲ್ಲ ಬೀದಿಗಳಾದುವು, ಗ್ರಾಮಗಳು ಬಡಾವಣೆಗಳಲ್ಲಿ ಕರಗಿದುವು. ಕಡಲೆಕಾಯಿ ಬೆಳೆಯುವ ಹೊಲವೊಂದೂ ಅಲ್ಲಿ ಉಳಿದಿಲ್ಲ. ಆದರೂ ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ಮಾಗಡಿಗಳ ಕಡೆಯಿಂದಲೂ ತಮಿಳು, ತೆಲುಗು ಸೀಮೆಗಳಿಂದಲೂ ಗೋಣಿಚೀಲಗಳು ಬಂದು ಬೀದಿಯ ಎರಡೂ ಪಕ್ಕದಲ್ಲಿ ರಾಶಿಯಾಗುವುವು. ಹಸಿಯದು, ಹುರಿದದ್ದು, ಬೇಯಿಸಿದ್ದು; ಜೊತೆಗೆ ಕಡಲೆಪುರಿ, ಬತ್ತಾಸು, ಬಳೆ, ಪೀಪಿ, ಗಿರಗಟ್ಟೆ.

ನಾವು ಚಾಮರಾಜಪೇಟೆಯ ವಠಾರವೊಂದರಲ್ಲಿ ಎಂಟು ಸಂಸಾರಗಳು ಒಂದೇ ನಲ್ಲಿಯ ನೀರು ಹಿಡಿದುಕೊಂಡು ಇದ್ದ ಕಾಲದಲ್ಲಿ, ಪರಿಷೆಗೆ ಒಬ್ಬೊಬ್ಬರಾಗಿ ಹೋಗುವ ಪದ್ಧತಿಯಿರಲಿಲ್ಲ. ನಲ್ಲಿಯ ಬಳಿ ಬೆಳಗ್ಗೆ ಜಗಳವಾಡಿದವರೂ ಸಂಜೆ ಒಟ್ಟಿಗೇ ಹೊರಡಬೇಕು. ಕಡೆಯ ಮನೆಯ ಅಜ್ಜಿಗೆ ನಡೆಯಲು ಶಕ್ತಿಯಿರಲಿಲ್ಲ. ಅವರನ್ನು ಜಟಕಾದಲ್ಲಿ ಕೂರಿಸಿ, ಮಕ್ಕಳನ್ನು ಅವರ ಸುತ್ತ ತುಂಬಿ, ಉಳಿದವರು ನಡೆದು ಹೋಗುವೆವು. ಅಜ್ಜಿಯು ಮನೆಯಿಂದಲೇ ಹಿತ್ತಾಳೆಯ ಸೇರನ್ನು ಸೆರಗಿನಲ್ಲಿ ಕಟ್ಟಿಕೊಂಡು ಬರುತ್ತಿದ್ದರು. ವ್ಯಾಪಾರಿಯು ಅಳೆದ ಮೇಲೆ, "ನಿನ್ನ ಸೇರಿಗೆ ತಳ ಮೇಲೆ ಬಂದಿದೆ ಕಣಪ್ಪ, ಇದರಲ್ಲಿ ಅಳೆ" ಎಂದು ತಮ್ಮದನ್ನು ಮುಂದೆ ಚಾಚುವರು. ಅವನು ನಗುತ್ತ ಎರಡು ಹಿಡಿ ಹೆಚ್ಚು ಹಾಕುವನು. ಎಂಟು ಮನೆಯವರೂ ಕೂಡಿ ಕೊಂಡ ಕಾಯಿಯನ್ನು ವಠಾರದ ಅಂಗಳದಲ್ಲಿ ಒಂದೇ ಚಾಪೆಯ ಮೇಲೆ ಸುರಿದು, ಬೆಲ್ಲದ ಅಚ್ಚು ಒಡೆದು, ನಡುರಾತ್ರಿಯವರೆಗೂ ಸುಲಿದು ತಿನ್ನುತ್ತಿದ್ದೆವು. ಸಿಪ್ಪೆಯೆಲ್ಲ ಮರುದಿನ ಬಚ್ಚಲ ಒಲೆಗೆ. ಅಂದಿನ ಖರ್ಚು ಎಷ್ಟಾಯಿತೆಂದು ನನಗೆ ನೆನಪಿಲ್ಲ. ಹಿತ್ತಾಳೆಯ ಸೇರಿನ ತುಟಿಯ ಮೇಲಿದ್ದ ಜಜ್ಜು ಮಾತ್ರ ಕಣ್ಣಿಗೆ ಕಟ್ಟಿದಂತಿದೆ.

ಮನೆಬಿಟ್ಟು ದೂರಹೋಗದೆಯೂ ವಿಹಾರವಾಗಬಹುದೆಂಬುದಕ್ಕೆ ಬೆಳದಿಂಗಳೂಟವೇ ಸಾಕ್ಷಿ. ಹುಣ್ಣಿಮೆಯ ರಾತ್ರಿ ತಾರಸಿಯ ಮೇಲೆ ತಾಯಿಯು ದೊಡ್ಡ ಪಾತ್ರೆಯಲ್ಲಿ ಅನ್ನ ಕಲಸಿಕೊಂಡು ನಡುವೆ ಕೂರುವಳು. ಮಕ್ಕಳೂ ನೆರೆಮನೆಯವರೂ ಸುತ್ತ ಅಂಗೈ ಚಾಚುವರು. ಮೊಸರನ್ನದ ತುತ್ತಿನ ನಡುವೆ ಹೆಬ್ಬೆರಳಿನಿಂದ ಗುಳಿಮಾಡಿ, ಅದರಲ್ಲಿ ಗೊಜ್ಜು ತುಂಬಿ ಕೊಡುವ ಆ ಕೈತುತ್ತಿಗೆ ಸರಿಯಾದ ಪಕ್ವಾನ್ನವನ್ನು ನಾನು ಯಾವ ಭೋಜನಶಾಲೆಯಲ್ಲಿಯೂ ಕಂಡಿಲ್ಲ. ಮೈಸೂರಿನ ದಸರೆಯಲ್ಲಿಯೂ ಹೀಗೆಯೇ. ಜಂಬೂಸವಾರಿಯನ್ನೂ, 1880ರಲ್ಲಿ ಆರಂಭವಾದ ವಸ್ತುಪ್ರದರ್ಶನವನ್ನೂ ನೋಡಲು ಬಂದ ನೆಂಟರು ರಾತ್ರಿ ನಡುಮನೆಯಲ್ಲಿ ಗೋಡೆಯಿಂದ ಗೋಡೆಗೆ ಸಾಲಾಗಿ ಮಲಗಿ, ದೀಪ ಆರಿಸಿದ ಮೇಲೂ ಮಾತಾಡಿದ್ದೇ ಹಲವರಿಗೆ ದಸರೆ. ಅಂಬಾರಿಯು ಎರಡನೆಯದು.

ಈಗಿನ ರೀತಿಯನ್ನು ಕುರಿತು ಒಂದೆರಡು ಮಾತುಗಳನ್ನು ಒರಟಾಗಿಯೇ ಹೇಳುವೆನು, ಸಭೆಯವರು ಕ್ಷಮಿಸಬೇಕು. ಪ್ರವೇಶಕ್ಕೆ ನೂರಾರು ರೂಪಾಯಿ ತೆರಬೇಕಾದ ವಿನೋದಸ್ಥಳಗಳೂ, ತಂಪುಗಾಳಿಯ ಅಂಗಡಿಮಹಲುಗಳೂ ಹೆಚ್ಚಿವೆ. ಅಲ್ಲಿಗೆ ಹೋಗುವುದು ದೋಷವೆಂದು ನಾನು ಹೇಳುವುದಿಲ್ಲ. ಮಕ್ಕಳಿಗೆ ಅದೂ ಬೇಕು. ಆದರೆ ತಲೆಗೆ ಇಷ್ಟೆಂದು ಹಣ ಕಟ್ಟಬೇಕಾದಾಗ, ಹೊರಡುವ ಮೊದಲು ತಲೆಗಳ ಎಣಿಕೆ ನಡೆಯುತ್ತದೆ. ಆ ಎಣಿಕೆಯಲ್ಲಿ ಮೊದಲು ಬಿಟ್ಟುಹೋಗುವುದು ಅಜ್ಜಿಯ ತಲೆ. ಆಮೇಲೆ ವಿಧವೆಯಾದ ಅತ್ತೆಯದು. ಆಮೇಲೆ ಬಡವನಾದ ದಾಯಾದಿಯ ಮಕ್ಕಳದು. "ಅವರಿಗೆ ಅಷ್ಟು ಹೊತ್ತು ಕೂರಲಾಗುವುದಿಲ್ಲ" ಎಂಬ ಕಾರಣವೂ ಸಿದ್ಧವಾಗಿರುತ್ತದೆ. ಲಾಲ್‌ಬಾಗಿನ ಬಂಡೆಯ ಮೇಲೆ ಕೂರಲು ಅವರಿಗೆ ಆಗುತ್ತಿತ್ತಷ್ಟೆ! ಇನ್ನೊಂದು. ಮಗುವನ್ನು ಎತ್ತಿಕೊಳ್ಳಲೆಂದು ಮನೆಗೆಲಸದ ಹುಡುಗಿಯನ್ನು ಕರೆತಂದು, ಊಟದ ವೇಳೆಗೆ ಅವಳನ್ನು ಬೇರೊಂದು ಮೂಲೆಯಲ್ಲಿ ನಿಲ್ಲಿಸುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಪಂಕ್ತಿಯಲ್ಲಿ ಭೇದವಿಲ್ಲದ ಪ್ರಸಾದವನ್ನು ಇಲ್ಲಿ ಸ್ವೀಕರಿಸಿ ಬೆಳೆದವರಿಗೆ ಇದರ ಮೇಲೆ ಟೀಕೆ ಬೇಕಿಲ್ಲ. ಬೆಳಗಿನ ನಾಲ್ಕು ಗಂಟೆಗೆ ಎದ್ದು ಚಿತ್ರಾನ್ನ, ಚಪಾತಿ ಕಟ್ಟಿದ ಗೃಹಿಣಿಗೆ ತೋಟದಲ್ಲಿಯೂ ಬಡಿಸುವ ಕೆಲಸವೇ ಉಳಿದರೆ, ಆ ದಿನ ವಿಹಾರವಾದದ್ದು ಯಾರಿಗೆ? ಬಡಿಸುವ ಸೌಟನ್ನು ಗಂಡಸರು ಹಿಡಿದರೆ ಸೌಟು ಸವೆಯುವುದಿಲ್ಲ.

ಇಂಥ ಬಯಲುಗಳು ತಾವಾಗಿಯೇ ಉಳಿದುವೆಂದು ತಿಳಿಯಬಾರದು. ಸರ್ಕಾರದ ಉದ್ಯಾನಗಳನ್ನು ಕಾಪಾಡಲು 1975ರಲ್ಲಿ ಶಾಸನವನ್ನೇ ಮಾಡಬೇಕಾಯಿತು. 2009ರಲ್ಲಿ ಮೆಟ್ರೋ ರೈಲಿನ ದಾರಿಗಾಗಿ ಲಾಲ್‌ಬಾಗಿನ ಒಂದು ಅಂಚಿನ ಗೋಡೆಯು ಬಿದ್ದು ಮರಗಳು ಉರುಳಿದಾಗ, ಮುದುಕರೂ ವಿದ್ಯಾರ್ಥಿಗಳೂ ಬೀದಿಗೆ ಬಂದು ಪ್ರತಿಭಟಿಸಿದರು. 2017ರಲ್ಲಿ ಅದೇ ದಾರಿ ತೆರೆದ ಮೇಲೆ ದೂರದ ಬಡಾವಣೆಗಳ ಸಂಸಾರಗಳು ಅದರಲ್ಲಿಯೇ ಕುಳಿತು ಆ ತೋಟಕ್ಕೆ ಬರುತ್ತಿವೆ. ಹೋದ ಮರಗಳಿಗೆ ಇದು ಸಮವೇ ಎಂದು ಕೇಳಿದರೆ ನಾನು ಸಮವೆನ್ನಲಾರೆ. ರೈಲು ಬೇಡವಾಗಿತ್ತೆಂದೂ ಅನ್ನಲಾರೆ. ಆದರೆ ಅಂದು ಗೋಡೆಯ ಬಳಿ ನಿಂತವರು ಯಾರೆಂದು ವಿಚಾರಿಸಿದೆನು. ಬಹುಮಂದಿ, ಚಿಕ್ಕಂದಿನಲ್ಲಿ ತಂದೆತಾಯಿಯರ ಕೈಹಿಡಿದು ಆ ತೋಟದಲ್ಲಿ ಬುತ್ತಿ ಬಿಚ್ಚಿದವರೇ ಆಗಿದ್ದರು.

ಹಳ್ಳಿಗಳಿಂದ ಬಂದಿರುವ ಭಕ್ತರಲ್ಲಿ ಒಂದು ಬಿನ್ನಹ. ಬರುವ ಕಾರ್ತಿಕದ ಕಡೆಯ ಸೋಮವಾರ ನಮ್ಮ ಬೀದಿಯ ಏಳೆಂಟು ಮನೆಗಳವರು ಪರಿಷೆಗೆ ಹೊರಡುವುದೆಂದು ಮಾತಾಗಿದೆ. ಮಧ್ಯಾಹ್ನಕ್ಕೆ ಮೊದಲೇ ಬಂದರೆ ಜನಸಂದಣಿ ಕಡಿಮೆ, ವಯಸ್ಸಾದವರಿಗೆ ಅನುಕೂಲ. ಅವರಿಗೆಂದು ಗಾಡಿಯ ಏರ್ಪಾಡು ಆಗಿದೆ. ಪ್ಲಾಸ್ಟಿಕ್ಕಿನದು ಬೇಡ, ಬಟ್ಟೆಯ ಚೀಲವನ್ನು ತಾವೇ ತರಬೇಕು. ಚಾಪೆಯೂ ಬೆಲ್ಲವೂ ನಮ್ಮ ತಾರಸಿಯ ಮೇಲೆ ಸಿದ್ಧವಾಗಿರುತ್ತವೆ.