ಆಮೆಯ ಚಿಪ್ಪಿಗೆ ಬೂಷ್ಟು ಯಾಕೆ ಹಿಡಿಯುತ್ತೆ?



ಇವತ್ತು ಆಮೆಯ ವಿಷಯ ಮಾತಾಡೋಣ. ತೆಲುಗಿನಲ್ಲಿ ಇದನ್ನು ತಾಬೇಲು ಅಂತಾರೆ. ಆಂಧ್ರ, ಕರ್ನಾಟಕ, ತಮಿಳುನಾಡಿನ ಒಣ ಸೀಮೆಯಲ್ಲಿ ನಕ್ಷತ್ರ ಆಮೆ ಇದೆ. ಕಪ್ಪು ಚಿಪ್ಪಿನ ಮೇಲೆ ಹಳದಿ ಗೆರೆಗಳು ನಕ್ಷತ್ರದ ಹಾಗೆ ಕಾಣುತ್ತವೆ. ನಮ್ಮ ಮಡಕಶಿರಾ, ರಾಯದುರ್ಗದ ಕಡೆಯ ಕುರುಚಲು ಕಾಡಿನಂಥ ಜಾಗ ಇದಕ್ಕೆ ಒಗ್ಗುತ್ತೆ.

ಆಮೆ ಮನೆಯಲ್ಲಿದ್ದರೆ ಲಕ್ಷ್ಮಿ ಬರ್ತಾಳೆ ಅಂತ ಕೆಲವರು ನಂಬ್ತಾರೆ. ತಂದು ಬಚ್ಚಲಲ್ಲಿ ಬಿಡ್ತಾರೆ. ಇಲ್ಲವೆ ನೀರಿನ ತೊಟ್ಟಿಗೆ ಹಾಕ್ತಾರೆ. ಆಮೆ ಅಂದ್ರೆ ನೀರಲ್ಲೇ ಇರೋದು ಅಂತ ಅವರ ಎಣಿಕೆ. ಆದರೆ ನಕ್ಷತ್ರ ಆಮೆ ನೀರಾಮೆ ಅಲ್ಲ, ನೆಲದ ಆಮೆ. ಹುಲ್ಲು, ಸೊಪ್ಪು, ಬಿದ್ದ ಹಣ್ಣು ತಿಂದು ಬಿಸಿಲಲ್ಲಿ ಓಡಾಡೋ ಪ್ರಾಣಿ.

ಒದ್ದೆ ಜಾಗದಲ್ಲಿಟ್ಟ ಕೊಬ್ಬರಿಗೆ ಬೂಷ್ಟು ಬರುತ್ತಲ್ಲ? ಹಾಗೇ ಸದಾ ತೇವದಲ್ಲಿರೋ ಆಮೆಯ ಚಿಪ್ಪಿಗೂ ಬೂಷ್ಟು ಹಿಡಿಯುತ್ತೆ. ಬಿಸಿಲು ಕಾಣದಿದ್ದರೆ, ಜಾಗ ಗಲೀಜಾಗಿದ್ದರೆ, ಚಿಪ್ಪಿಗೆ ಗಾಯವಾಗಿದ್ದರೆ ರೋಗ ಇನ್ನೂ ಬೇಗ ಬರುತ್ತೆ.

ಚಿಪ್ಪು ಅಂದ್ರೆ ಬರೀ ಹೊದಿಕೆ ಅಲ್ಲ. ಮೇಲಿನ ಪದರ ನಮ್ಮ ಉಗುರಿನಂಥದ್ದು. ಅದರ ಕೆಳಗೆ ಜೀವ ಇರೋ ಮೂಳೆ ಇದೆ. ಆಮೆಯ ಬೆನ್ನುಮೂಳೆ, ಪಕ್ಕೆಲುಬು ಅದಕ್ಕೇ ಕೂಡಿಕೊಂಡಿವೆ. ಮುಟ್ಟಿದರೆ ಅದಕ್ಕೆ ಗೊತ್ತಾಗುತ್ತೆ. ಪೆಟ್ಟಾದರೆ ನೋವಾಗುತ್ತೆ. ಹಗ್ಗ ಕಟ್ಟೋಕೆ ಚಿಪ್ಪಿಗೆ ತೂತು ಹಾಕೋದು ನಮ್ಮ ಮೂಳೆ ಕೊರೆದ ಹಾಗೆ.

ರೋಗದ ಗುರುತು ಹೀಗಿರುತ್ತೆ. ಚಿಪ್ಪಿನ ಮೇಲೆ ಬಿಳಿ ಇಲ್ಲವೆ ಬೂದು ಬಣ್ಣದ ಮಚ್ಚೆ ಬರುತ್ತೆ. ಚಿಪ್ಪು ಪದರ ಪದರವಾಗಿ ಏಳುತ್ತೆ. ಒತ್ತಿದರೆ ಮೆತ್ತಗಾಗಿರುತ್ತೆ. ಕೆಟ್ಟ ವಾಸನೆ ಬರುತ್ತೆ. ಆದರೆ ಬಿಲ್ಲೆಗಳ ನಡುವೆ ತಿಳಿ ಬಣ್ಣದ ಗೆರೆ ಕಂಡರೆ ಹೆದರಬೇಡಿ. ಅದು ಚಿಪ್ಪು ಬೆಳೆಯುತ್ತಿರೋ ಗುರುತು.

ರೋಗ ಕಂಡಾಗ ಎಣ್ಣೆ ಹಚ್ಚಬೇಡಿ, ಬಣ್ಣ ಬಳಿಯಬೇಡಿ. ಎಣ್ಣೆಯ ಅಡಿಯಲ್ಲಿ ತೇವ ನಿಂತು ಬೂಷ್ಟು ಹೆಚ್ಚುತ್ತೆ. ಚಾಕುವಿನಿಂದ ಕೆರೆಯಲೂ ಬೇಡಿ. ಇದು ಪಶುವೈದ್ಯರ ಕೆಲಸ. ಅವರು ಕೊಳೆತ ಭಾಗ ತೆಗೀತಾರೆ. ಅಯೋಡಿನ್ ಔಷಧಿಯಿಂದ ತೊಳೀತಾರೆ. ಬೂಷ್ಟು ಕೊಲ್ಲೋ ಮುಲಾಮು ಹಚ್ಚಿ, ಒಣಗಿದ ಬೆಚ್ಚನೆ ಜಾಗದಲ್ಲಿ ಇಡ್ತಾರೆ. ಚಿಪ್ಪು ನಿಧಾನವಾಗಿ ಬೆಳೆಯೋದರಿಂದ ವಾಸಿಯಾಗೋಕೆ ತಿಂಗಳುಗಟ್ಟಲೆ ಬೇಕು. ರೋಗ ಮೂಳೆಗೆ ಇಳಿದರೆ ಆಮೆ ಸಾಯಲೂಬಹುದು.

ಇನ್ನೊಂದು ಮುಖ್ಯ ಮಾತು. ನಕ್ಷತ್ರ ಆಮೆಯನ್ನು ಮನೆಯಲ್ಲಿ ಸಾಕೋದು ಅಪರಾಧ. ಹಿಡಿಯೋದು, ಮಾರೋದು, ಕೊಳ್ಳೋದೂ ಅಪರಾಧವೇ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಹಾಗೆ ಹೇಳುತ್ತೆ. ಜೈಲು, ದಂಡ ಎರಡೂ ಆಗಬಹುದು. ಕಳ್ಳಸಾಗಣೆಯಿಂದ ಈ ಆಮೆಗಳು ಕಡಿಮೆ ಆಗ್ತಿವೆ. ಅದಕ್ಕೇ 2019ರಲ್ಲಿ ಹಲವು ದೇಶಗಳು ಸೇರಿ ಇದರ ವ್ಯಾಪಾರವನ್ನು ಇನ್ನೂ ಬಿಗಿ ಮಾಡಿದವು.

ಹಾಗಾದ್ರೆ ಏನು ಮಾಡಬೇಕು? ಹೊಲದಲ್ಲಿ ಚೆನ್ನಾಗಿರೋ ಆಮೆ ಕಂಡರೆ ಅದರ ಪಾಡಿಗೆ ಬಿಡಿ. ಗಾಯವಾದ, ರೋಗ ಬಂದ ಆಮೆ ಕಂಡರೆ ಅರಣ್ಯ ಇಲಾಖೆಗೆ ತಿಳಿಸಿ. ಅವರು ಬರೋ ತನಕ ಗಾಳಿ ಆಡೋ ಪೆಟ್ಟಿಗೆಯಲ್ಲಿ, ಒಣ ಕಾಗದದ ಮೇಲೆ, ನೆರಳಲ್ಲಿ ಇಡಿ. ರೋಗದ ಆಮೆಯನ್ನು ನೀವೇ ಕಾಡಿಗೆ ಬಿಡಬೇಡಿ. ಬೇರೆ ಆಮೆಗಳಿಗೂ ರೋಗ ಹರಡಬಹುದು. ಆಮೆ ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೀರಿ. ಅದರ ಮೈಮೇಲಿನ ರೋಗಾಣುವಿನಿಂದ ಮಕ್ಕಳಿಗೆ ಭೇದಿ ಆಗಬಹುದು.

ಬೂಷ್ಟಿಗೆ ಮದ್ದು ಆಮೇಲಿನ ಮಾತು. ಒಣ ನೆಲ, ಎಳೆ ಬಿಸಿಲು, ಹಸಿರು ಹುಲ್ಲು ಇದ್ದರೆ ಆ ರೋಗ ಬರೋದೇ ಅಪರೂಪ. ಅದೆಲ್ಲ ಹೊಲದ ಬದುವಿನಲ್ಲೇ ಇದೆ, ನಮ್ಮ ಬಚ್ಚಲಲ್ಲಿ ಇಲ್ಲ. ಲಕ್ಷ್ಮಿ ಬರಬೇಕು ಅಂದ್ರೆ ಆ ಮೂಕ ಜೀವವನ್ನು ಅದರ ಜಾಗದಲ್ಲೇ ಬದುಕೋಕೆ ಬಿಡೋಣ.

ಈ ಮಾತನ್ನು ಮನೆಯಲ್ಲಿ ಮಕ್ಕಳಿಗೂ ಓದಿ ಹೇಳಿ.