ಆ ಇಮೇಲ್ ಡಿಲೀಟ್ ಮಾಡು ಅಂದಿದ್ದು ನಾನೇ

ಇವತ್ತಿನ ಸಂಚಿಕೆಯನ್ನ ಒಂದು ತಪ್ಪೊಪ್ಪಿಗೆಯಿಂದ ಶುರು ಮಾಡ್ತೀನಿ.

ನಮ್ಮಕ್ಕ ಅಮೆರಿಕದ ನ್ಯೂಜೆರ್ಸಿಯಲ್ಲಿದ್ದಾಳೆ. ಹೋದ ವರ್ಷ ಒಂದು ದಿನ ಬೆಳಿಗ್ಗೆ ಏಳುವಷ್ಟರಲ್ಲಿ ಅವಳಿಂದ ಒಂದು ಸ್ಕ್ರೀನ್‌ಶಾಟ್ ಬಂದಿತ್ತು. ಕೆಳಗೆ ಒಂದೇ ಸಾಲು: “ನೀನು ಬಿ.ಕಾಂ. ಮಾಡಿದವಳಲ್ವಾ, ಇದು ನಿಜಾನಾ ನೋಡೇ.”

ನೋಡಿದೆ. ಹೆಸರೇ ಕೇಳಿರದ ಕಡೆಯಿಂದ ಬಂದ ಇಮೇಲ್. ಅವಳು ಹಿಂದೆ ರಕ್ತಪರೀಕ್ಷೆ ಮಾಡಿಸಿದ್ದ ಒಂದು ಲ್ಯಾಬ್‌ನಿಂದ ಜನರ ಮಾಹಿತಿ ಸೋರಿಕೆಯಾಗಿದೆಯಂತೆ, ಕೇಸ್ ರಾಜಿಯಾಗಿದೆಯಂತೆ, ನಿಮಗೆ ಹಣ ಸಿಗಬಹುದಂತೆ, ಇಂಥ ದಿನದೊಳಗೆ ಈ ಲಿಂಕ್ ಒತ್ತಿ ಅಂತ. ಕೌನ್ ಬನೇಗಾ ಕರೋಡ್‌ಪತಿ ಹೆಸರಿನ ಲಾಟರಿ ಮೆಸೇಜ್‌ಗಳನ್ನ ನೋಡಿ ಬೆಳೆದವರು ನಾವು. ಹಲ್ಲುಜ್ಜೋ ಮುಂಚೆನೇ ಉತ್ತರ ಕೊಟ್ಟೆ: “ಪಕ್ಕಾ ಫ್ರಾಡ್ ಅಕ್ಕಾ, ಡಿಲೀಟ್ ಮಾಡು.”

ಮಾಡಿದ್ಲು. ಅದು ನಿಜವಾದ ನೋಟಿಸ್ ಆಗಿತ್ತು.

ಗೊತ್ತಾಗಿದ್ದು ತಿಂಗಳುಗಳಾದ ಮೇಲೆ, ಅವಳ ಆಫೀಸಿನ ಗೆಳತಿಗೆ ಅದೇ ಕೇಸಿನ ಚೆಕ್ ಬಂದಾಗ. ಅಷ್ಟೊತ್ತಿಗೆ ಕೊನೇ ದಿನ ಮುಗಿದಿತ್ತು. ಅಕ್ಕ ಬೈಲಿಲ್ಲ. “ದುಡ್ಡು ಹೋಯ್ತು ಅಂತಲ್ಲ ಕಣೇ. ನನ್ನ ಸೋಶಿಯಲ್ ಸೆಕ್ಯುರಿಟಿ ನಂಬರ್ ಇಷ್ಟು ದಿನದಿಂದ ಯಾರ ಕೈಯಲ್ಲೋ ಇದೆ. ನನಗೆ ಅದು ಗೊತ್ತೇ ಇರ್ಲಿಲ್ಲವಲ್ಲ” ಅಂದ್ಲು. ಆ ಮಾತು ನನ್ನನ್ನ ಬಿಡಲಿಲ್ಲ. ಮೋಸ ಹೋದರೆ ನಷ್ಟ ಅಂತ ಎಲ್ಲರಿಗೂ ಗೊತ್ತು. ನಂಬದೇ ಹೋದರೂ ನಷ್ಟ ಇದೆ ಅಂತ ನನಗೆ ಗೊತ್ತಾಗಿದ್ದು ಅವತ್ತು. ಆಮೇಲೆ ಕೂತು ಓದಿದ್ದನ್ನ ನಿಮಗೆ ಹೇಳ್ತೀನಿ. ಅಮೆರಿಕದಲ್ಲಿ ಅಣ್ಣನೋ ಮಗಳೋ ಇರೋ ಮನೆಗಳು ನಮ್ಮಲ್ಲಿ ಕಡಿಮೆ ಇಲ್ಲ.

ಮೊದಲು, ಈ ಕ್ಲಾಸ್ ಆಕ್ಷನ್ ಅಂದ್ರೆ ಏನು? ಒಂದು ಕಂಪನಿಯಿಂದ ಲಕ್ಷಾಂತರ ಜನರಿಗೆ ಒಂದೇ ಥರ ತೊಂದರೆ ಆಗಿರುತ್ತೆ. ಪ್ರತಿಯೊಬ್ಬರೂ ವಕೀಲರನ್ನ ಹಿಡಿದು ಕೋರ್ಟಿಗೆ ಹೋದರೆ ಖರ್ಚೇ ಗಿಟ್ಟಲ್ಲ. ಹಾಗಾಗಿ ಕೆಲವರು ಎಲ್ಲರ ಪರವಾಗಿ ದಾವೆ ಹೂಡ್ತಾರೆ. ನಮ್ಮಲ್ಲೂ 2013ರ ಕಂಪನಿ ಕಾಯ್ದೆಯ 245ನೇ ಸೆಕ್ಷನ್‌ನಲ್ಲಿ ಷೇರುದಾರರು ಮತ್ತು ಠೇವಣಿದಾರರಿಗೆ ಇಂಥ ಅವಕಾಶ ಇದೆ. ಪರೀಕ್ಷೆಗೆ ಓದಿದ್ದೆ, ಬರೆದಿದ್ದೆ, ಮರೆತಿದ್ದೆ. ಆದರೆ ಅಮೆರಿಕದಲ್ಲಿ ಇದು ದಿನನಿತ್ಯದ ಮಾತು.

ಅಲ್ಲಿನ ಫೆಡರಲ್ ಕೋರ್ಟುಗಳಲ್ಲಿ ಇದಕ್ಕೆ 23ನೇ ನಿಯಮ ಅಂತಿದೆ. ಹಣ ಪರಿಹಾರದ ಕೇಸ್ ರಾಜಿಯಾಗೋ ಹೊತ್ತಿಗೆ, ಅದರ ವ್ಯಾಪ್ತಿಗೆ ಬರೋ ಜನರಿಗೆ ಸಾಧ್ಯವಾದಷ್ಟು ಚೆನ್ನಾಗಿ ತಿಳಿಸಲೇಬೇಕು. 2018ರ ಡಿಸೆಂಬರ್‌ನಲ್ಲಿ ಆ ನಿಯಮಕ್ಕೆ ತಿದ್ದುಪಡಿ ಬಂತು: ಅಂಚೆ ಮಾತ್ರ ಅಲ್ಲ, ಇಮೇಲ್‌ನಂಥ ದಾರಿಯೂ ಆಗಬಹುದು ಅಂತ ಬಾಯಿಬಿಟ್ಟು ಹೇಳಿತು.

ಹಾಗಾದ್ರೆ ನಿಜವಾದ ನೋಟಿಸ್ ಯಾಕೆ ಮೋಸದ ಥರಾನೇ ಕಾಣುತ್ತೆ? ಅದನ್ನ ಸಾಮಾನ್ಯವಾಗಿ ಕಳಿಸೋದು ಕೋರ್ಟೂ ಅಲ್ಲ, ಆ ಕಂಪನಿಯೂ ಅಲ್ಲ. ಸೆಟಲ್‌ಮೆಂಟ್ ಅಡ್ಮಿನಿಸ್ಟ್ರೇಟರ್ ಅನ್ನೋ ಮೂರನೇ ಸಂಸ್ಥೆ. ಕಂಪನಿಯ ಗ್ರಾಹಕರ ಪಟ್ಟಿ ತಗೊಂಡು ಒಂದೇ ಸಲ ಲಕ್ಷಗಟ್ಟಲೆ ಇಮೇಲ್ ಹಾಕುತ್ತೆ. ಆ ಒಂದು ಕೇಸಿಗೆ ಅಂತಲೇ ಹೊಸ ವೆಬ್‌ಸೈಟ್ ತೆರೆಯುತ್ತೆ. ಹಣದ ಮಾತು, ಲಿಂಕ್, ಪಿನ್ ನಂಬರ್, ಕೊನೇ ದಿನ. ಮೋಸಗಾರರ ಎಲ್ಲ ಲಕ್ಷಣವೂ ಇದೆ! ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2019ರಲ್ಲಿ ಒಂದು ವರದಿ ಕೊಟ್ಟಿತು. ಅವರು ನೋಡಿದ ಕೇಸುಗಳಲ್ಲಿ ಹಣಕ್ಕೆ ಅರ್ಜಿ ಹಾಕಿದವರ ಪ್ರಮಾಣದ ಮಧ್ಯಂಕ ಬರೀ ಶೇ 9. ಅಂದ್ರೆ ನಮ್ಮಕ್ಕ ಒಬ್ಬಳೇ ಅಲ್ಲ.

ಹಾಗಂತ ಅನುಮಾನವೇ ತಪ್ಪು ಅಂತಲ್ಲ. ಈಕ್ವಿಫ್ಯಾಕ್ಸ್ ಕಥೆ ಕೇಳಿ. ಜನರ ಸಾಲದ ಲೆಕ್ಕ ಇಡೋ ಕಂಪನಿ ಅದು. 2017ರಲ್ಲಿ ಸುಮಾರು 14.7 ಕೋಟಿ ಜನರ ಮಾಹಿತಿ ಸೋರಿತು. ಜನರಿಗೆ ವಿವರ ಕೊಡೋಕೆ ಹೊಸ ವೆಬ್‌ಸೈಟ್ ತೆರೆದರು. ಒಬ್ಬ ಸಾಫ್ಟ್‌ವೇರ್ ಡೆವಲಪರ್ ಆ ವಿಳಾಸದ ಎರಡು ಪದ ಅದಲು ಬದಲು ಮಾಡಿ ನಕಲಿ ಸೈಟ್ ಮಾಡಿ ತೋರಿಸಿದ, ಇದೆಷ್ಟು ಸುಲಭ ಅಂತ. ಆಮೇಲೆ ಏನಾಯ್ತು ಗೊತ್ತಾ? ಕಂಪನಿಯ ಟ್ವಿಟರ್ ಖಾತೆಯೇ ಗ್ರಾಹಕರಿಗೆ ಆ ನಕಲಿ ವಿಳಾಸ ಕೊಡ್ತು! 2019ರಲ್ಲಿ ರಾಜಿಯಾದಾಗಲೂ ನಕಲಿ ಸೈಟ್‌ಗಳ ಬಗ್ಗೆ ಎಚ್ಚರ ಅಂತ ಟ್ರೇಡ್ ಕಮಿಷನ್ ಹೇಳಬೇಕಾಯ್ತು. ಹಾಗಾಗಿ ಇಮೇಲ್‌ನ ಮುಖ ನೋಡಿ ನಿರ್ಧಾರ ಮಾಡೋಕೆ ಆಗಲ್ಲ. ಹೊರಗಿಂದ ಪರೀಕ್ಷೆ ಮಾಡಬೇಕು.

ಈ ವರ್ಷ ಅಕ್ಕನಿಗೆ ಇನ್ನೊಂದು ನೋಟಿಸ್ ಬಂತು, ಬೇರೆ ಕಂಪನಿದು. ಈ ಸಲ ಇಬ್ಬರೂ ವಿಡಿಯೊ ಕಾಲ್‌ನಲ್ಲಿ ಕೂತ್ವಿ. ಲಿಂಕ್ ಮುಟ್ಟಲಿಲ್ಲ. ಇಮೇಲ್‌ನಿಂದ ನಾವು ತಗೊಂಡಿದ್ದು ಎರಡೇ: ಕೋರ್ಟಿನ ಹೆಸರು, ಕೇಸ್ ನಂಬರ್.

ಈ ನಂಬರ್ ಓದೋದು ಕಲಿತುಕೊಳ್ಳಿ. ಫೇಸ್‌ಬುಕ್ 72.5 ಕೋಟಿ ಡಾಲರ್‌ಗೆ ರಾಜಿ ಮಾಡಿಕೊಂಡ ಕೇಂಬ್ರಿಡ್ಜ್ ಅನಲಿಟಿಕಾ ಕೇಸಿನ ನಂಬರ್ 3:18-ಎಂಡಿ-02843. ಮೊದಲ 3 ಆ ಕೋರ್ಟಿನ ವಿಭಾಗ, 18 ಅಂದ್ರೆ 2018ರಲ್ಲಿ ದಾಖಲಾಗಿದ್ದು, ಎಂಡಿ ಅಂದ್ರೆ ಹಲವು ಜಿಲ್ಲೆಗಳ ಕೇಸುಗಳನ್ನ ಒಟ್ಟಿಗೆ ಸೇರಿಸಿದ್ದು. ಸಾಮಾನ್ಯ ಸಿವಿಲ್ ಕೇಸಾದರೆ ಸಿವಿ ಅಂತ ಇರುತ್ತೆ. ಫೆಡರಲ್ ಕೋರ್ಟಿನ ಕೇಸಾದರೆ ಪೇಸರ್ ಅನ್ನೋ ಸರ್ಕಾರಿ ವ್ಯವಸ್ಥೆಯಲ್ಲಿ ಹುಡುಕಬಹುದು. ಪುಟಕ್ಕೆ 10 ಸೆಂಟ್, ಆದರೆ ಮೂರು ತಿಂಗಳಲ್ಲಿ 30 ಡಾಲರ್ ದಾಟದಿದ್ದರೆ ಬಿಲ್ ಇಲ್ಲ. ಕೋರ್ಟ್‌ಲಿಸನರ್ ಅನ್ನೋ ಸೈಟ್‌ನಲ್ಲಿ ಎಷ್ಟೋ ಕಡತಗಳು ಪುಕ್ಕಟೆ ಸಿಗ್ತವೆ.

ಅಲ್ಲಿ ಹುಡುಕಬೇಕಾದ್ದು ರಾಜಿಗೆ ನ್ಯಾಯಾಧೀಶರು ಕೊಟ್ಟ ಪ್ರಾಥಮಿಕ ಒಪ್ಪಿಗೆಯ ಆದೇಶ. ಅಡ್ಮಿನಿಸ್ಟ್ರೇಟರ್ ಯಾರು, ಕೊನೇ ದಿನ ಯಾವುದು, ವೆಬ್‌ಸೈಟ್ ವಿಳಾಸ ಏನು, ಇವೆಲ್ಲ ಸಾಮಾನ್ಯವಾಗಿ ಆ ಆದೇಶದಲ್ಲೋ ಅದರ ಜೊತೆಗಿರೋ ಕಾಗದಗಳಲ್ಲೋ ಸಿಗುತ್ತೆ. ಆ ವಿಳಾಸವನ್ನ ನೀವೇ ಕೈಯಾರೆ ಟೈಪ್ ಮಾಡಿ. ಒಂದೊಂದು ಅಕ್ಷರ ಹೋಲಿಸಿ. ರಾಜ್ಯದ ಕೋರ್ಟಾದರೆ ಪೇಸರ್‌ನಲ್ಲಿ ಸಿಗಲ್ಲ, ಆ ಕೋರ್ಟಿನ ಸೈಟ್ ನೋಡಬೇಕು. ಇಲ್ಲವೇ ನೋಟಿಸ್‌ನಲ್ಲಿರೋ ವಕೀಲರ ನಂಬರನ್ನ ಬೇರೆ ಕಡೆಯಿಂದ ಹುಡುಕಿ ಫೋನ್ ಮಾಡಬೇಕು. ನಮಗೆ ಒಟ್ಟು ಇಪ್ಪತ್ತು ನಿಮಿಷ ಹಿಡಿಯಿತು. ನೋಟಿಸ್ ನಿಜ ಇತ್ತು.

ಇನ್ನು ಮೂರು ಮಾತು ನೆನಪಿಡಿ. ಒಂದು, ಅರ್ಜಿ ಹಾಕೋಕೆ ಶುಲ್ಕ ಇಲ್ಲ. ನಿಮ್ಮ ಹಣ ಬಿಡಿಸೋಕೆ ಮೊದಲು ಇಷ್ಟು ಕಟ್ಟಿ ಅಂದ್ರೆ ಅಲ್ಲಿಗೇ ಮುಗಿಸಿ. ಬ್ಯಾಂಕ್ ಪಾಸ್‌ವರ್ಡ್, ಒಟಿಪಿ ಕೇಳಿದ್ರೂ ಅಷ್ಟೇ. ಎರಡು, ಸುಮ್ಮನಿರೋದೂ ಒಂದು ತೀರ್ಮಾನವೇ. ಹೊರಗುಳಿತೀನಿ ಅಂತ ಗಡುವಿನೊಳಗೆ ಬರೆದು ತಿಳಿಸದಿದ್ದರೆ, ಸಾಮಾನ್ಯವಾಗಿ ಆ ವಿಷಯಕ್ಕೆ ಮುಂದೆ ಬೇರೆ ದಾವೆ ಹೂಡೋ ಹಕ್ಕು ಹೋಗುತ್ತೆ, ನೀವು ಹಣ ತಗೊಂಡಿರಲಿ ಬಿಡಲಿ. ಮೂರು, ನಿಮಗೆ ಸಂಬಂಧ ಇಲ್ಲದ ಕೇಸಿಗೆ ಅರ್ಜಿ ಹಾಕಬೇಡಿ. “ಫ್ರೀ ದುಡ್ಡು, ಎಲ್ಲರೂ ಹಾಕಿ” ಅಂತ ವಾಟ್ಸಾಪ್ ಗ್ರೂಪ್‌ಗಳಲ್ಲಿ ಲಿಂಕ್ ಓಡಾಡುತ್ತೆ. ಆ ಅರ್ಜಿಗಳಲ್ಲಿ ಹೆಚ್ಚಿನವನ್ನ ಸುಳ್ಳು ಹೇಳಿದರೆ ಶಿಕ್ಷೆ ಅನ್ನೋ ಪ್ರಮಾಣದ ಮೇಲೆ ಸಹಿ ಮಾಡಿರ್ತೀರಿ. ವೀಸಾದ ಮೇಲಿರೋರು ಎರಡು ಸಲ ಯೋಚನೆ ಮಾಡಿ.

ದೊಡ್ಡ ಮೊತ್ತದ ಆಸೆಯೂ ಬೇಡ. ಈಕ್ವಿಫ್ಯಾಕ್ಸ್‌ನಲ್ಲಿ 125 ಡಾಲರ್ ಅಂತ ಸುದ್ದಿಯಾಯ್ತು. ಆ ಬಾಬ್ತಿಗೆ ಇಟ್ಟಿದ್ದು 3.1 ಕೋಟಿ ಡಾಲರ್. ಜನ ಮುಗಿಬಿದ್ದರು. ಹತ್ತು ದಿನದೊಳಗೆ ಟ್ರೇಡ್ ಕಮಿಷನ್ನೇ ಹೇಳಿತು, ಅಷ್ಟು ಸಿಗಲ್ಲ ಅಂತ.

ಅಕ್ಕನ ಅರ್ಜಿ ಹೋಗಿದೆ, ಹಣ ಇನ್ನೂ ಬಂದಿಲ್ಲ. ಅದಕ್ಕಿಂತ ಮುಖ್ಯವಾದ ಕೆಲಸ ಮಾಡಿದ್ದಾಳೆ: ಮೂರೂ ದೊಡ್ಡ ಕ್ರೆಡಿಟ್ ಸಂಸ್ಥೆಗಳಲ್ಲಿ ತನ್ನ ಹೆಸರಿನ ಕಡತ ಫ್ರೀಜ್ ಮಾಡಿಸಿದ್ದಾಳೆ. ಅವಳ ನಂಬರ್ ಇಟ್ಟುಕೊಂಡು ಬೇರೆಯವರು ಸಾಲ ಎತ್ತೋದು ಇನ್ನು ಕಷ್ಟ. 2018ರ ಸೆಪ್ಟೆಂಬರ್‌ನಿಂದ ಅಲ್ಲಿ ಇದು ಉಚಿತ.

ಇನ್ನು ನಾನು? ಈಗ ಯಾರಾದ್ರೂ ಸ್ಕ್ರೀನ್‌ಶಾಟ್ ಕಳಿಸಿ “ಇದು ನಿಜಾನಾ?” ಅಂದ್ರೆ ನನ್ನ ಉತ್ತರ ಬದಲಾಗಿದೆ. “ಗೊತ್ತಿಲ್ಲ, ಕೇಸ್ ನಂಬರ್ ಕಳಿಸಿ, ನೋಡೋಣ.” ಮುಂದಿನ ವಾರ ಸಿಗೋಣ.