ಕಿಂದರಿಜೋಗಿಯಿಂದ ಫ್ಯಾಂಟಮ್‌ನವರೆಗೆ

ಕನ್ನಡದ ಮಕ್ಕಳು ಮೆಚ್ಚಿಕೊಂಡ ಪಾತ್ರಗಳ ಜಾಡು ಹಿಡಿದು ಹೊರಟರೆ ಮೈಸೂರಿನಲ್ಲಿ ತುಸು ಹೊತ್ತು ನಿಲ್ಲಲೇಬೇಕು. ಇಲ್ಲಿ ಓದಿ, ಇಲ್ಲಿಯೇ ಪಾಠ ಹೇಳಿದ ಕುವೆಂಪು ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯನ್ನು ಕನ್ನಡಕ್ಕೆ ಕೊಟ್ಟರು. ಅದರ ಮೂಲ ಜರ್ಮನಿಯ ಹ್ಯಾಮೆಲಿನ್ ಊರಿನ ಹಳೆಯ ಐತಿಹ್ಯ. ರಾಬರ್ಟ್ ಬ್ರೌನಿಂಗ್ 1842ರಲ್ಲಿ ಅದನ್ನು ಇಂಗ್ಲಿಷಿನಲ್ಲಿ ಕಥನಕವನವಾಗಿ ಪ್ರಕಟಿಸಿದ್ದ. ಕುವೆಂಪು ವೇಸರ್ ನದಿಯ ದಡ ಬಿಟ್ಟು ತುಂಗೆಯ ದಡಕ್ಕೆ ಬಂದರು. ಅಲ್ಲಿಯ ಮೇಯರ್ ಇಲ್ಲಿ ಗೌಡನಾದ. ಬಣ್ಣದ ನಿಲುವಂಗಿಯ ಕೊಳಲುಗಾರ ಕಿಂದರಿ ಹಿಡಿದ ಜೋಗಿಯಾದ. ಜೋಗಿ ನಮ್ಮ ಹಳ್ಳಿಗಳ ಮನೆಬಾಗಿಲಿಗೆ ಬರುತ್ತಿದ್ದವನು, ಮಕ್ಕಳು ಕಣ್ಣಾರೆ ಕಂಡವನು. ಕಥೆ ಎಲ್ಲಿಂದ ಬಂತೆಂಬುದು ಮಗುವಿಗೆ ಮುಖ್ಯವಲ್ಲ, ಪಾತ್ರ ಎಲ್ಲಿ ನೆಲೆ ನಿಂತಿತೆಂಬುದು ಮುಖ್ಯ ಎಂಬ ನನ್ನ ನಂಬಿಕೆಗೆ ಇದಕ್ಕಿಂತ ಬಲವಾದ ಸಾಕ್ಷಿ ಬೇಕಿಲ್ಲ.

ಊರಿನ ಮಕ್ಕಳನ್ನೆಲ್ಲ ಕರೆದೊಯ್ದ ಜೋಗಿಯನ್ನು ಮಕ್ಕಳೇ ಪ್ರೀತಿಸುವುದು ಹೇಗೆ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆಯೇ. ಆದರೆ ಆಡಿದ ಮಾತಿನಂತೆ ಊರನ್ನು ಕಾಡುತ್ತಿದ್ದ ಇಲಿಗಳನ್ನು ತೊಲಗಿಸಿದವನು ಜೋಗಿ, ಹಣ ಕೊಡುವ ಮಾತಿಗೆ ತಪ್ಪಿದವರು ಹಿರಿಯರು. ಓದುವ ಮಗು ಈ ಲೆಕ್ಕವನ್ನು ತಾನಾಗಿಯೇ ಮಾಡುತ್ತದೆ. ಜೊತೆಗೆ ಹೋಗಲಾರದೆ ಹಿಂದುಳಿದ ಕುಂಟ ಹುಡುಗನಿಗಾಗಿ ಮರುಗುತ್ತದೆ ಕೂಡ. 1938ರಲ್ಲಿ ಅಮೆರಿಕದಲ್ಲಿ ಕಾಣಿಸಿಕೊಂಡ ಸೂಪರ್‌ಮ್ಯಾನ್‌ನ ತೋಳಿನಲ್ಲಿ ಬಲವಿತ್ತು. ಜೋಗಿಗೆ ನಾದವೇ ಬಲ. ಇಬ್ಬರಲ್ಲೂ ಮಗು ಹುಡುಕುವುದು ದೊಡ್ಡವರನ್ನು ತಡೆದು ನಿಲ್ಲಿಸಬಲ್ಲ ಶಕ್ತಿಯನ್ನು.

ಇದೇ ಮೈಸೂರಿನ ಆರ್.ಕೆ. ನಾರಾಯಣರ ಸ್ವಾಮಿ 1935ರಲ್ಲಿ ಪುಸ್ತಕದಲ್ಲಿ ಬಂದ. ಅವನಿಗೆ ಯಾವ ಶಕ್ತಿಯೂ ಇಲ್ಲ. ಹೆಡ್‌ಮಾಸ್ಟರರ ಬೆತ್ತದ ಭಯವಿದೆ, ಕ್ರಿಕೆಟ್ಟಿನ ಹುಚ್ಚಿದೆ. ಮಹಾರಾಜ ಕಾಲೇಜಿನಲ್ಲಿ ಓದುತ್ತಿದ್ದಾಗಲೇ ಅಣ್ಣನ ಕಥೆಗಳಿಗೆ ಚಿತ್ರ ಬರೆಯುತ್ತಿದ್ದ ಆರ್.ಕೆ. ಲಕ್ಷ್ಮಣ್ ಸ್ವಾಮಿಯ ಊರಾದ ಮಾಲ್ಗುಡಿಯ ಜನರಿಗೆ ಮುಖ ಕೊಟ್ಟರು. ಸ್ವಾಮಿ ಇಂಗ್ಲಿಷಿನಲ್ಲಿ ಹುಟ್ಟಿದವನು. ಶಂಕರನಾಗ್ ಕಿರುತೆರೆಯಲ್ಲಿ ಅವನನ್ನು ಆಗುಂಬೆಯ ಬೀದಿಗಳಲ್ಲಿ ಓಡಾಡಿಸಿದ ಮೇಲೆ ಕನ್ನಡಿಗರು ಆ ಮಾತನ್ನೇ ಮರೆತರು.

ಹಾಗಾದರೆ ಫ್ಯಾಂಟಮ್? ಲೀ ಫಾಕ್ 1936ರಲ್ಲಿ ಸೃಷ್ಟಿಸಿದ ಈ ಮುಸುಕಿನ ವೀರನಿಗೆ ನಮ್ಮ ನೆಲದ ನಂಟೇ ಇಲ್ಲವಲ್ಲ, ಮಕ್ಕಳು ಮುಗಿಬಿದ್ದು ಓದಿದರಲ್ಲ ಎಂಬುದು ನನ್ನ ವಾದಕ್ಕೆ ಎದುರಾಗುವ ಗಟ್ಟಿ ಆಕ್ಷೇಪ. 1964ರಲ್ಲಿ ಆರಂಭವಾಗಿ ಅವನ ಕಥೆಗಳನ್ನು ಇಲ್ಲಿ ಪ್ರಕಟಿಸಿದ ಇಂದ್ರಜಾಲ ಕಾಮಿಕ್ಸ್ ಏನು ಮಾಡಿತು ನೋಡಿ: ಅವನ ನಾಡಿನ ಹೆಸರು ನಮ್ಮ ಬಂಗಾಳವನ್ನು ನೆನಪಿಸುತ್ತದೆಂದು ಅದನ್ನು ಡೆಂಕಾಲಿ ಎಂದು ಬದಲಿಸಿತು. ಮಗು ಭೂಪಟದ ಮೇಲೆ ಬೆರಳಿಟ್ಟು ಕಥೆ ಓದುತ್ತದೆಂದು ಸಂಪಾದಕರಿಗೆ ಗೊತ್ತಿತ್ತು. ಕಾರ್ಕಳದ ಅನಂತ ಪೈ ರೂಪಿಸಿದ ಅಮರ ಚಿತ್ರಕಥೆಯಲ್ಲೂ ಮೊದಲ ಹತ್ತು ಸಂಖ್ಯೆಗಳು ಪಾಶ್ಚಾತ್ಯ ಕಥೆಗಳಿಗೆ ಸಂದಿದ್ದವು, ಹನ್ನೊಂದನೆಯದು ಕೃಷ್ಣ. ಆ ಮಾಲೆ ಮನೆಮನೆಗೆ ತಲುಪಿದ್ದು ಕೃಷ್ಣನ ನಂತರವೇ.

ಈಗ ಚಿತ್ರಪುಸ್ತಕಗಳು ಕನ್ನಡದಲ್ಲಿ ಅಗ್ಗವಾಗಿ, ಹೇರಳವಾಗಿ ಸಿಗುತ್ತವೆ. 2004ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಪ್ರಥಮ್ ಬುಕ್ಸ್‌ನ ಕೆಲಸ ಇದರಲ್ಲಿ ದೊಡ್ಡದು, ಅದಕ್ಕೆ ನಾನು ಕೃತಜ್ಞ. ಆದರೆ ಒಂದೇ ಚಿತ್ರಕ್ಕೆ ಹಲವು ಭಾಷೆಗಳ ಮಾತು ಹೊಂದಿಸುವಾಗ ಚಿತ್ರದ ಮನೆ, ಮರ, ಅಡುಗೆಮನೆ ಯಾವ ಊರಿನದೂ ಆಗದೆ ಉಳಿಯುವ ಅಪಾಯವಿದೆ. ಖರ್ಚು ಹೆಚ್ಚುತ್ತದೆಂಬುದು ನಿಜ. ಆದರೂ ಕೆಲವು ಪುಸ್ತಕಗಳಿಗಾದರೂ ಅನುವಾದಕರಿಗೆ ಕುವೆಂಪು ತೆಗೆದುಕೊಂಡ ಸ್ವಾತಂತ್ರ್ಯ ಸಿಗಲಿ, ಹೊಳೆಯ ಹೆಸರನ್ನೂ ಬದಲಿಸಲಿ, ಚಿತ್ರಕಾರರು ಹೊಸದಾಗಿ ಕುಂಚ ಹಿಡಿಯಲಿ.